ಫುಟ್ಸ್‌ಕ್ರೇಯಲ್ಲಿ ಮನೆ ಹಿಡಿಯಲು ಹೊರಟ ನಮ್ಮೂರಿನ ಮಕ್ಕಳಿಗೆ

ಅರೇಬಿಕಾ ಕುಯಿಲು ಮುಗಿಯುವ ಹೊತ್ತಿಗೆ ನಾನು ಪ್ರತಿ ವರ್ಷ ಚಿಕ್ಕಮಗಳೂರಿನ ತವರಿಗೆ ಬರುತ್ತೇನೆ. ಬಂದ ವಾರದೊಳಗೆ, ಮೆಲ್ಬರ್ನ್‌ನಲ್ಲಿ ಓದಲು ಸೀಟು ಸಿಕ್ಕ ಮಕ್ಕಳಲ್ಲಿ ಇಬ್ಬರು ಮೂವರಾದರೂ ತಂದೆತಾಯಿಯರೊಂದಿಗೆ ಬಂದು, ಕಣದಲ್ಲಿ ಒಣಗುತ್ತಿರುವ ಕಾಫಿಯ ಪಕ್ಕದ ಜಗಲಿಯಲ್ಲಿ ಕುಳಿತು, ಫುಟ್ಸ್‌ಕ್ರೇಯಲ್ಲಿ ಮನೆ ಹಿಡಿಯಬಹುದೇ, ಅದು ಒಳ್ಳೆಯ ಜಾಗವೇ ಎಂದು ಕೇಳುತ್ತಾರೆ. ಹದಿನಾರು ವರ್ಷಗಳಿಂದ ಅಲ್ಲಿಯೇ ಸಂಸಾರ ಮಾಡಿಕೊಂಡಿರುವ ನನ್ನ ಉತ್ತರ ಸ್ವಲ್ಪ ಉದ್ದವಾದದ್ದು. ಆ ಬಡಾವಣೆಗೆ ಯಾರು ಯಾವಾಗ ಬಂದರೆಂಬುದನ್ನು ತಿಳಿಯದವರಿಗೆ ಇಂದು ಅಲ್ಲಿ ಹೇಗೆ ಬದುಕಬೇಕೆಂಬುದನ್ನು ಹೇಳುವುದು ಕಷ್ಟ.

ಫುಟ್ಸ್‌ಕ್ರೇ ಮೆಲ್ಬರ್ನ್ ನಗರದ ನಡುಭಾಗದಿಂದ ಪಶ್ಚಿಮಕ್ಕೆ ಸುಮಾರು ಐದು ಕಿಲೋಮೀಟರ್ ದೂರದಲ್ಲಿ, ಮರಿಬಿರ್ನಾಂಗ್ ನದಿಯ ದಡದಲ್ಲಿದೆ. ಕುಲಿನ್ ಸಮುದಾಯದ ಮೂಲನಿವಾಸಿಗಳ ನೆಲ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕಲ್ಲುಗಣಿ, ಕಸಾಯಿಖಾನೆ, ಮದ್ದುಗುಂಡಿನ ಕಾರ್ಖಾನೆಗಳು ಬಂದು, ಕೂಲಿ ಮಾಡುವವರ ಊರೆಂದೇ ಅದಕ್ಕೆ ಹೆಸರಾಯಿತು. ಎರಡನೆಯ ಮಹಾಯುದ್ಧದ ನಂತರ ಇಟಲಿ, ಗ್ರೀಸ್ ಮತ್ತು ಯುಗೊಸ್ಲಾವಿಯಾದ ಕುಟುಂಬಗಳು ಆ ಕಾರ್ಖಾನೆಗಳ ಸುತ್ತ ನೆಲೆಸಿದವು. ಬಿಳಿಯರಿಗೆ ಮಾತ್ರ ಪ್ರವೇಶವೆಂಬ ವಲಸೆ ನೀತಿ 1973ರಲ್ಲಿ ಕೊನೆಗೊಂಡು, 1975ರಲ್ಲಿ ಸೈಗಾನ್ ಪತನವಾದ ಮೇಲೆ ದೋಣಿಗಳಲ್ಲಿ, ವಿಮಾನಗಳಲ್ಲಿ ಬಂದ ವಿಯೆಟ್ನಾಂ ನಿರಾಶ್ರಿತರಲ್ಲಿ ಅನೇಕರು ಹತ್ತಿರದ ಮಿಡ್‌ವೇ ವಲಸಿಗರ ವಸತಿಗೃಹದಲ್ಲಿ ಮೊದಲ ತಿಂಗಳುಗಳನ್ನು ಕಳೆದು, ಕಾರ್ಖಾನೆಗಳು ಮುಚ್ಚುತ್ತಿದ್ದ ಕಾಲದಲ್ಲಿ ಖಾಲಿ ಬಿದ್ದಿದ್ದ ಅಂಗಡಿಗಳನ್ನು ಹಿಡಿದು ಪೇಟೆಗೆ ಮತ್ತೆ ಜೀವ ಕೊಟ್ಟರು. ಅವರ ಹಿಂದೆಯೇ ಇಥಿಯೋಪಿಯಾ, ಎರಿಟ್ರಿಯಾ, ಸುಡಾನ್‌ಗಳಿಂದ ಯುದ್ಧ ತಪ್ಪಿಸಿಕೊಂಡವರು ಬಂದರು. ಭಾರತದ ವಿದ್ಯಾರ್ಥಿಗಳು ಬಂದದ್ದು ಅದರ ನಂತರ. ಈ ಸಾಲಿನಲ್ಲಿ ನಾವು ಕೊನೆಯಲ್ಲಿ ಬಂದವರೆಂಬುದನ್ನು ಹೊಸಬರು ಮರೆಯಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಈಗ ಅಲ್ಲಿ ಇನ್ನೊಂದು ಬಗೆಯ ಬದಲಾವಣೆ ನಡೆಯುತ್ತಿದೆ. ಹಲಗೆ ಗೋಡೆಯ ಹಳೆಯ ಮನೆಗಳನ್ನು ಕೈತುಂಬ ಸಂಬಳವಿರುವ ಯುವ ದಂಪತಿಗಳು ಕೊಂಡು ಒಳಭಾಗವನ್ನು ಹೊಸದಾಗಿ ಕಟ್ಟಿಸುತ್ತಿದ್ದಾರೆ, ನದಿಯ ಕಡೆಗೆ ಎತ್ತರದ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಬಾಡಿಗೆ ಏರಿದಂತೆ ಹಳಬರು ಸನ್‌ಶೈನ್, ಸೇಂಟ್ ಆಲ್ಬನ್ಸ್‌ನಂಥ ದೂರದ ಬಡಾವಣೆಗಳಿಗೆ ಸರಿಯುತ್ತಿದ್ದಾರೆ. ಇದು ನಮಗೆ ತಿಳಿಯದ ಸಂಗತಿಯಲ್ಲ. ಗಿರಿಯ ತಪ್ಪಲಿನ ಹಳ್ಳಿಗಳಲ್ಲಿ ಹೋಮ್‌ಸ್ಟೇಗಳು ಹೆಚ್ಚಿ ಜಮೀನಿನ ಬೆಲೆ ಕೈಗೆಟುಕದಾದಾಗ, ಅಲ್ಲಿಯೇ ಹುಟ್ಟಿ ಬೆಳೆದವರ ಮಕ್ಕಳಿಗೆ ಒಂದು ಸೈಟು ಸಿಗುವುದೂ ದುಸ್ತರವಾದದ್ದನ್ನು ನಾವು ಕಂಡಿದ್ದೇವೆ. ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳೊಡನೆ ನಾವು ಹೇಗೆ ನಡೆದುಕೊಂಡೆವೆಂಬುದನ್ನು ಪ್ರಾಮಾಣಿಕವಾಗಿ ನೆನೆದುಕೊಂಡರೆ, ಫುಟ್ಸ್‌ಕ್ರೇಯಲ್ಲಿ ನೆರೆಯವರು ನಮ್ಮನ್ನು ಹೇಗೆ ನೋಡಬೇಕೆಂದು ನಾವು ಬಯಸುತ್ತೇವೆಂಬುದೂ ಸ್ಪಷ್ಟವಾಗುತ್ತದೆ.

ಮನೆಯ ವಿಷಯದಲ್ಲಿ ಒಂದು ಕಹಿ ಅನುಭವವನ್ನು ಹೇಳಲೇಬೇಕು. ನಮ್ಮ ಮೊದಲ ಬಾಡಿಗೆ ಮನೆಯನ್ನು ಬಿಡುವಾಗ, ನಾವು ಬರುವ ಮೊದಲೇ ಅಡುಗೆಮನೆಯ ಕಟ್ಟೆಯ ಮೇಲಿದ್ದ ಸುಟ್ಟ ಗುರುತಿಗೆ ಏಜೆಂಟರು ನಮ್ಮಿಂದ ಹಣ ಹಿಡಿದುಕೊಂಡರು. ಆ ಗುರುತನ್ನು ನಾವು ಬರೆದಿಟ್ಟಿರಲಿಲ್ಲ, ಫೋಟೋ ತೆಗೆದಿರಲಿಲ್ಲ. ವಿಕ್ಟೋರಿಯಾ ರಾಜ್ಯದ ಕಾನೂನಿನಂತೆ ಮನೆಗೆ ಬಂದ ಐದು ಕೆಲಸದ ದಿನಗಳೊಳಗೆ ಮನೆಯ ಸ್ಥಿತಿಯ ವರದಿಯನ್ನು ತುಂಬಿ ಹಿಂದಿರುಗಿಸಬೇಕು. ಆ ಐದು ದಿನಗಳಲ್ಲಿ ಪೆಟ್ಟಿಗೆ ಬಿಚ್ಚುವುದಕ್ಕಿಂತ ಮೊದಲು ಪ್ರತಿ ಬಾಗಿಲು, ನಲ್ಲಿ, ಒಲೆ, ಕಾರ್ಪೆಟ್ಟಿನ ಫೋಟೋ ತೆಗೆಯಿರಿ. ಮುಂಗಡ ಠೇವಣಿಯನ್ನು ಮನೆಯ ಮಾಲೀಕರು ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ, ಅದು ರಾಜ್ಯದ ಠೇವಣಿ ಪ್ರಾಧಿಕಾರದಲ್ಲಿ ಜಮೆಯಾಗಬೇಕು. ಸಾಮಾನ್ಯ ಬಾಡಿಗೆಯ ಮನೆಗಳಿಗೆ ಅದು ಒಂದು ತಿಂಗಳ ಬಾಡಿಗೆಯನ್ನು ಮೀರಬಾರದು. ನಮ್ಮವರೇ ಒಬ್ಬರು ಕೈಯಲ್ಲಿ ನಗದು ಕೇಳಿ, ರಸೀದಿಯಿಲ್ಲದೆ ಕೋಣೆ ಕೊಡುತ್ತೇವೆಂದರೆ, ಕನ್ನಡದವರೆಂಬ ಒಂದೇ ಕಾರಣಕ್ಕೆ ಒಪ್ಪಬೇಡಿ.

ರೈಲು ನಿಲ್ದಾಣದ ಎದುರಿಗೇ ಫುಟ್ಸ್‌ಕ್ರೇ ಮಾರುಕಟ್ಟೆ ಇದೆ. ಅಲ್ಲಿಗೆ ನಾನು ಹೊಸಬರನ್ನು ಮೊದಲ ಶನಿವಾರವೇ ಕರೆದುಕೊಂಡು ಹೋಗುತ್ತೇನೆ. ವಿಯೆಟ್ನಾಂನ ಅಜ್ಜಿಯೊಬ್ಬರ ಅಂಗಡಿಯಲ್ಲಿ, ನೀರು ಚಿಮುಕಿಸಿದ ಕಟ್ಟುಗಳ ನಡುವೆ, ದಪ್ಪ ಎಲೆಯ, ಕೆನ್ನೀಲಿ ದಂಟಿನ ಸೊಪ್ಪನ್ನು ಕಂಡು ನಾನು ಮೊದಲ ಬಾರಿ ಬೆರಗಾಗಿ ನಿಂತದ್ದು ನೆನಪಿದೆ. ಅವರ ಭಾಷೆಯಲ್ಲಿ ಅದು ಮಾಂಗ್ ತೋಯ್, ನಮಗೆ ಬಸಳೆ. ಬಾಳೆಹೂ, ಹಾಗಲಕಾಯಿ, ಕೆಸುವಿನ ದಂಟು, ಎಳೆಯ ಬಿದಿರು ಎಲ್ಲವೂ ಅದೇ ಸಾಲಿನಲ್ಲಿ ಸಿಗುತ್ತವೆ. ಮಲೆನಾಡಿನ ಅಡುಗೆಗೆ ಬೇಕಾದದ್ದನ್ನು ಹುಡುಕಿಕೊಂಡು ದೂರದ ಭಾರತೀಯ ಅಂಗಡಿಗೆ ಹೋಗುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಬೇಳೆ, ಸಾಂಬಾರ ಪದಾರ್ಥಗಳಿಗೆ ಮಾತ್ರ ಪಶ್ಚಿಮ ಫುಟ್ಸ್‌ಕ್ರೇಯ ಬಾರ್ಕ್‌ಲಿ ರಸ್ತೆಗೆ ಹೋಗಬೇಕು. ಇದೇ ಊರಿನ ಲಿಟಲ್ ಸೈಗಾನ್ ಮಾರುಕಟ್ಟೆ 2016ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ಉಳಿದಿರುವ ಈ ಮಾರುಕಟ್ಟೆಯಲ್ಲಿ ನಿಮ್ಮ ವಾರದ ಸಂತೆಯನ್ನು ಮಾಡುವುದು ಹಳಬರಿಗೆ ನೀವು ಮಾಡಬಹುದಾದ ಅತ್ಯಂತ ನೇರವಾದ ಸಹಾಯ.

ಸುರಕ್ಷತೆಯ ಬಗ್ಗೆ ಪೋಷಕರು ಕೇಳುತ್ತಾರೆ. ನಿಲ್ದಾಣದ ಸುತ್ತ ಮತ್ತು ನಿಕಲ್ಸನ್ ರಸ್ತೆಯ ಮಾಲ್‌ನಲ್ಲಿ ರಾತ್ರಿಯ ಹೊತ್ತು ಮದ್ಯ, ಮಾದಕವಸ್ತುವಿನ ವಶದಲ್ಲಿರುವವರು ಕಾಣಸಿಗುತ್ತಾರೆ, ತಡವಾದಾಗ ಬೆಳಕಿರುವ ದಾರಿಯಲ್ಲಿ ಜೊತೆಗೂಡಿ ಬನ್ನಿ. ಆದರೆ ಅಂಗಡಿಯ ಮುಂದೆ ಹರಟುತ್ತ ನಿಂತಿರುವ ಆಫ್ರಿಕಾದ ಯುವಕರನ್ನು ಕಂಡು ರಸ್ತೆ ದಾಟಿ ಹೋಗುವುದನ್ನು ಬಿಡಿ. ಅವರಲ್ಲಿ ಹೆಚ್ಚಿನವರು ನಿಮ್ಮಂತೆಯೇ ಓದುತ್ತ, ಪಾಳಿಯಲ್ಲಿ ದುಡಿಯುತ್ತ ಇರುವವರು.

ಕನ್ನಡಿಗರ ಸಂಸಾರಗಳು ಹೆಚ್ಚಾಗಿ ಇನ್ನೂ ಪಶ್ಚಿಮಕ್ಕಿರುವ ತಾರ್ನೀಟ್, ಟ್ರುಗನೀನಾ, ಪಾಯಿಂಟ್ ಕುಕ್ ಕಡೆ ಇವೆ. ತಾರ್ನೀಟ್ ನಿಲ್ದಾಣ 2015ರಲ್ಲಿ ತೆರೆದ ಮೇಲೆ ಫುಟ್ಸ್‌ಕ್ರೇಯಿಂದ ಅಲ್ಲಿಗೆ ಹೋಗುವುದು ಸುಲಭವಾಗಿದೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಅಲ್ಲಿಗೆ ಹೋಗಿ, ಕನ್ನಡದಲ್ಲಿ ಮನಸಾರೆ ಮಾತಾಡಿ. ಓದು ಮುಗಿಯುವ ತನಕ ವಾಸ ಮಾತ್ರ ಫುಟ್ಸ್‌ಕ್ರೇಯಲ್ಲಿರಲಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಕಾರಿಲ್ಲದೆ ಬದುಕಬಹುದು, ನಗರಕ್ಕೆ ರೈಲಿನಲ್ಲಿ ಹತ್ತು ನಿಮಿಷ ಸಾಕು, ಬೇರೆ ಬೇರೆ ದೇಶದ ಜನರ ನಡುವೆ ದಿನ ಕಳೆಯುವ ಅವಕಾಶವೂ ಇರುತ್ತದೆ.

ಚಿಕ್ಕಮಗಳೂರಿನವರಿಗೆಂದೇ ಒಂದು ಜಾಗವಿದೆ. ನಮ್ಮ ಬೀದಿಯ ಕೊನೆಯಲ್ಲಿರುವ ಸಣ್ಣ ಇಥಿಯೋಪಿಯನ್ ಹೋಟೆಲಿನ ಒಡತಿ ಹಸಿ ಕಾಫಿ ಬೀಜವನ್ನು ನಮ್ಮ ಕಣ್ಣೆದುರಿಗೇ ಹುರಿದು, ಆ ಹೊಗೆಯನ್ನು ಪ್ರತಿಯೊಬ್ಬರ ಮುಖದ ಬಳಿ ತಂದು ತೋರಿಸಿ, ಕುಟ್ಟಿ, ಜೆಬೆನವೆಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಅಬೋಲ್, ತೋನಾ, ಬರಕಾ ಎಂದು ಮೂರು ಸುತ್ತು ಬಡಿಸುತ್ತಾರೆ. ಕಾಫಿ ಗಿಡದ ತವರು ಅವರ ನಾಡು. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಬೀಜಗಳನ್ನು ತಂದು ನಮ್ಮ ಗಿರಿಯಲ್ಲಿ ನೆಟ್ಟರೆಂಬ ಪ್ರತೀತಿಯನ್ನು ನಾನು ಹೇಳಿದ ದಿನ, ಅವರು ಮೂರನೆಯ ಸುತ್ತಿನ ನಂತರ ನಾಲ್ಕನೆಯದನ್ನೂ ಸುರಿದರು. ಹಸಿ ಬೀಜವನ್ನು ಆಸ್ಟ್ರೇಲಿಯಾಕ್ಕೆ ಹಾಗೆಯೇ ಒಯ್ಯಬೇಡಿ. ಹುರಿದ ಕಾಫಿಯನ್ನು ವಿಮಾನನಿಲ್ದಾಣದಲ್ಲಿ ಘೋಷಿಸಿ ಒಯ್ಯಬಹುದು. ಆ ಹೋಟೆಲಿನ ಒಡತಿಗಾಗಿ ಈ ಬಾರಿ ಚಿಕೋರಿ ಬೆರೆಸದ ಅರ್ಧ ಕೆಜಿ ಹುರಿಸಿ ಕಟ್ಟಿಟ್ಟಿದ್ದೇನೆ. ನೀವು ಬಂದಿಳಿದ ಮೊದಲ ಭಾನುವಾರ ಹೇಳಿ, ಅದನ್ನು ಕೊಡಲು ಒಟ್ಟಿಗೇ ಹೋಗೋಣ.