ಇಂಗ್ಲೆಂಡಿನಲ್ಲಿ ಕಳ್ಳತನ ಆದರೆ, ದುಡ್ಡು ಮೋಸ ಹೋದರೆ: ಪೊಲೀಸ್ ಕೇಸು ಯಾಕೆ ಅಷ್ಟು ಬೇಗ ಮುಚ್ಚಿಹೋಗುತ್ತೆ?

ದೀಪಾವಳಿಗೆ ಗೆಳೆಯರ ಮನೆಗೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ನಮ್ಮ ಮನೆ ಹಿಂಬಾಗಿಲ ಗಾಜು ಒಡೆದಿತ್ತು. ಬಂದ ಪೊಲೀಸ್ ಅಧಿಕಾರಿ ಸಮಾಧಾನವಾಗಿ ಕೂತು ಎಲ್ಲ ಬರೆದುಕೊಂಡರು. ಒಡವೆಯ ಫೋಟೋ ಇದೆಯಾ ಅಂತ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಮದುವೆ ಆಲ್ಬಂ ಮಾತ್ರ, ಅದರಲ್ಲೂ ಹೂವಿನ ಹಾರದ ಸಂದಿಯಲ್ಲಿ ಅವಲಕ್ಕಿ ಸರದ ಒಂದು ತುದಿ ಕಾಣುತ್ತಿತ್ತು, ಅಷ್ಟೇ. ಎರಡು ವಾರಕ್ಕೆ ಇಮೇಲ್ ಬಂತು. ಸುಳಿವು ಸಿಕ್ಕಿಲ್ಲ, ಸದ್ಯಕ್ಕೆ ಕೇಸು ಮುಚ್ಚಿದ್ದೇವೆ ಅಂತ. ನನ್ನ ಹೆಂಡತಿ ಅವತ್ತು ತುಂಬಾ ಅತ್ತಳು, ಅದು ಅವಳ ಅಜ್ಜಿಯ ಸರ.

ಇಲ್ಲಿನ ವ್ಯವಸ್ಥೆ ಮೊದಲೇ ಗೊತ್ತಿದ್ದರೆ ಒಳ್ಳೆಯದಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ 43 ಪ್ರಾದೇಶಿಕ ಪೊಲೀಸ್ ಪಡೆಗಳಿವೆ, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನದು ಬೇರೆ. ಅಪಾಯ ಈಗಲೇ ಇದ್ದರೆ 999, ಮುಗಿದ ಮೇಲೆ 101 ಅಥವಾ ಆನ್‌ಲೈನ್. ನಮ್ಮ ಕಡೆಯ ಹಾಗೆ ಎಫ್‌ಐಆರ್ ಪ್ರತಿಗೆ ಠಾಣೆಗೆ ಅಲೆಯಬೇಕಿಲ್ಲ. ಒಂದು ಕ್ರೈಮ್ ರೆಫರೆನ್ಸ್ ನಂಬರ್ ಕೊಡುತ್ತಾರೆ, ಇನ್ಶೂರೆನ್ಸ್‌ನವರು ಮೊದಲು ಕೇಳೋದು ಅದನ್ನೇ.

ಮನೆಗಳ್ಳತನ, ಕಾರು ಕಳವು 1990ರ ದಶಕದ ನಡುವಿಗೆ ಹೋಲಿಸಿದರೆ ತುಂಬಾ ಕಡಿಮೆಯಾಗಿವೆ. ಜಾಸ್ತಿ ಇರೋದು ಮೋಸ. ಜನರನ್ನೇ ಕೇಳಿ ಮಾಡುವ ಅಪರಾಧ ಸಮೀಕ್ಷೆಯಲ್ಲಿ ಒಟ್ಟು ಅಪರಾಧದಲ್ಲಿ ಸುಮಾರು 40 ಶೇಕಡಾ ಮೋಸದ್ದೇ. ಮೋಸ ಮಾಡಿದವನು ಎಷ್ಟೋ ಸಲ ಬೇರೆ ದೇಶದಲ್ಲಿ ಕೂತಿರುತ್ತಾನೆ, ದುಡ್ಡು ಕೆಲವೇ ನಿಮಿಷದಲ್ಲಿ ಹತ್ತು ಖಾತೆ ದಾಟಿರಬಹುದು. ತನಿಖೆ ಮಾಡೋರಿಗೆ ಅದೇ ದೊಡ್ಡ ತಲೆನೋವು. ಶಂಕಿತ ಸಿಕ್ಕರೂ ಅವನ ಫೋನ್ ಪರೀಕ್ಷೆ ಸಾಲಿನಲ್ಲಿ ಕಾಯಬೇಕು. ಆಮೇಲೆ ಅದರಲ್ಲಿರುವ ಸಾವಿರಾರು ಮೆಸೇಜ್ ಜಾಲಾಡಿ, ಆರೋಪಿಯ ಪರ ಹೋಗುವ ವಿಷಯ ಏನಾದರೂ ಇದ್ದರೆ ಅದನ್ನೂ ಕಾನೂನಿನ ಪ್ರಕಾರ ಅವನ ವಕೀಲರಿಗೆ ಕೊಡಬೇಕು. ದೊಡ್ಡ ಕೇಸುಗಳಲ್ಲಿ ಚಾರ್ಜ್ ಮಾಡಬೇಕಾ ಬೇಡವಾ ಅಂತ ತೀರ್ಮಾನಿಸೋದು ಪೊಲೀಸರಲ್ಲ, 1986ರಲ್ಲಿ ಶುರುವಾದ ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್, ಅಂದರೆ ಕೋರ್ಟಿನಲ್ಲಿ ಸರ್ಕಾರದ ಪರ ಕೇಸು ನಡೆಸುವ ಸಂಸ್ಥೆ. ಅದೂ ಆಯ್ತು ಅಂದರೆ ಗಂಭೀರ ಅಪರಾಧಗಳ ವಿಚಾರಣೆ ನಡೆಯುವ ಕ್ರೌನ್ ಕೋರ್ಟ್‌ಗಳಲ್ಲಿ 70,000ಕ್ಕೂ ಜಾಸ್ತಿ ಕೇಸು ಬಾಕಿ. ಕಾದು ಕಾದು ಸುಸ್ತಾಗಿ ಎಷ್ಟೋ ಜನ ದೂರುದಾರರೇ ಹಿಂದೆ ಸರಿಯುತ್ತಾರೆ. ತನಿಖೆ ಮಾಡುವವರ ಮೇಲೆ ನನಗೆ ಕೋಪವಿಲ್ಲ. ಅವರ ಕೈಗೆ ಸುಳಿವು ಬೇಗ ಸಿಗಬೇಕು, ಅದರಲ್ಲಿ ಸ್ವಲ್ಪ ನಮ್ಮ ಕೈಲೂ ಇದೆ.

ಮನೆಗಳ್ಳತನ ಆದರೆ ಏನನ್ನೂ ಮುಟ್ಟಬೇಡಿ, ಒರೆಸಬೇಡಿ. ಅವತ್ತೇ ಅಕ್ಕಪಕ್ಕದ ಮನೆಯವರ ಹತ್ತಿರ ಡೋರ್‌ಬೆಲ್ ಕ್ಯಾಮೆರಾ ವಿಡಿಯೋ ಕೇಳಿ, ಯಾಕಂದರೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತೆ. ನಾವು ನಾಲ್ಕು ವಾರ ಬಿಟ್ಟು ಕೇಳಿದೆವು, ಅಷ್ಟರಲ್ಲಿ ಅಳಿಸಿಹೋಗಿತ್ತು. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅಂತ ಕೇಳಬಹುದು, ನೀವು ದುಡ್ಡು ಕೊಡಬೇಕಿಲ್ಲ. ಶಂಕಿತನನ್ನು ಹಿಡಿದು ವಿಚಾರಿಸಿದ ಮೇಲೂ ಕೇಸು ಕೈಬಿಟ್ಟರೆ ಮರುಪರಿಶೀಲನೆ ಕೇಳುವ ಹಕ್ಕಿದೆ. ಶಂಕಿತನೇ ಸಿಗದಿದ್ದರೆ ಆ ಹಕ್ಕು ಬರೋದಿಲ್ಲ.

ಬ್ಯಾಂಕ್ ಮೋಸವಾದರೆ ಪೊಲೀಸರಿಗಿಂತ ಮೊದಲು ಬ್ಯಾಂಕಿಗೆ ಫೋನ್ ಮಾಡಿ. 159 ಒತ್ತಿದರೆ ಹೆಚ್ಚಿನ ಬ್ಯಾಂಕುಗಳಿಗೆ ನೇರ ಲೈನ್ ಸಿಗುತ್ತೆ. 2024ರ ಅಕ್ಟೋಬರ್ 7ರಿಂದ, ನಿಮ್ಮನ್ನು ನಂಬಿಸಿ ನಿಮ್ಮ ಕೈಯಿಂದಲೇ ಬ್ರಿಟನ್ನಿನ ಒಳಗಿನ ಖಾತೆಗೆ ದುಡ್ಡು ಹಾಕಿಸಿಕೊಂಡಿದ್ದರೆ, 85,000 ಪೌಂಡ್‌ವರೆಗೆ ವಾಪಸ್ ಕೊಡುವ ನಿಯಮವಿದೆ. 13 ತಿಂಗಳೊಳಗೆ ಕೇಳಬೇಕು. ಇಂಡಿಯಾದ ಖಾತೆಗೆ ನೇರವಾಗಿ ಕಳಿಸಿದ್ದರೆ ಈ ನಿಯಮ ಅನ್ವಯಿಸೋದಿಲ್ಲ. ಅನುಮಾನದ ಮೆಸೇಜ್ ಬಂದರೆ 7726ಕ್ಕೆ ಫಾರ್ವರ್ಡ್ ಮಾಡಿ.

ಇನ್ನು ಒಡವೆ. ನಮ್ಮಂಥವರ ಮನೆಯಲ್ಲಿ ಚಿನ್ನ ಇರುತ್ತೆ ಅಂತ ಕಳ್ಳರಿಗೂ ಗೊತ್ತು, ಹಬ್ಬದ ಸಮಯದಲ್ಲಿ ಪೊಲೀಸರೂ ಎಚ್ಚರಿಸುತ್ತಾರೆ. ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿ, ಒಂದೊಂದೇ ಒಡವೆಯನ್ನು ಸ್ಕೇಲ್ ಪಕ್ಕ ಇಟ್ಟು, ಎರಡೂ ಬದಿ ಮತ್ತು ಕೊಂಡಿ ಕಾಣುವ ಹಾಗೆ ಫೋಟೋ ತೆಗೆಯಿರಿ. ತೂಕ ಬರೆದಿಡಿ. ಬಿಲ್ ಇದ್ದರೆ ಅದರ ಫೋಟೋವನ್ನೂ ಸೇರಿಸಿ, ಮನೆಯಿಂದ ಹೊರಗೆ ಎಲ್ಲಾದರೂ ಇಡಿ.