ಮಳೆ ಪುಸ್ತಕದಲ್ಲಿ ಉಸಿರಿಗೂ ಒಂದು ಅಂಕಣ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಕಾಫಿ ತೋಟದ ಮನೆಗಳಲ್ಲಿ ಮಳೆಮಾಪಕವೂ ಅದರ ಲೆಕ್ಕದ ಪುಸ್ತಕವೂ ಸಾಮಾನ್ಯವಾಗಿ ಇದ್ದೇ ಇರುತ್ತವೆ. ದಿನವೂ ಬೆಳಿಗ್ಗೆ ನೀರನ್ನು ಅಳೆದು, ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಎಂದು ಬರೆದಿಡುವ ಅಭ್ಯಾಸ ಹಲವು ಮನೆಗಳಲ್ಲಿ ಅಜ್ಜನ ಕಾಲದಿಂದ ನಡೆದು ಬಂದಿದೆ. ಸೀನು, ಮೂಗು ಕಟ್ಟುವುದು, ಗೂರಲು ಅಥವಾ ಅಸ್ತಮಾ ಇರುವವರು ಅದೇ ಪುಸ್ತಕದಲ್ಲಿ ಉಸಿರಿಗೂ ಒಂದು ಅಂಕಣ ಎಳೆದುಕೊಳ್ಳಬೇಕು ಎಂಬುದು ಇಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ.

ಇದರ ಅಗತ್ಯ ಈಗ ಹೆಚ್ಚಾಗಿರುವುದಕ್ಕೆ ಕಾರಣವಿದೆ. ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಕೈಗಾರಿಕಾ ಯುಗಕ್ಕೆ ಮುಂಚೆ ದಶಲಕ್ಷಕ್ಕೆ ಸುಮಾರು 280 ಭಾಗದಷ್ಟಿದ್ದುದು ಇಂದು 420ನ್ನು ದಾಟಿದ್ದು, ಭೂಮಿಯ ಸರಾಸರಿ ಉಷ್ಣಾಂಶ ಒಂದು ಡಿಗ್ರಿಗೂ ಹೆಚ್ಚು ಏರಿದೆ. ಬಿಸಿ ಹೆಚ್ಚಿದಂತೆ ಹಲವು ಗಿಡಗಳು ಬೇಗ ಹೂಬಿಟ್ಟು ಹೆಚ್ಚು ಕಾಲ ಪರಾಗ ಚೆಲ್ಲುತ್ತವೆ. ಉತ್ತರ ಅಮೆರಿಕದಲ್ಲಿ 1990ರಿಂದ 2018ರವರೆಗಿನ ಲೆಕ್ಕವನ್ನು ಪರಿಶೀಲಿಸಿದಾಗ ಪರಾಗದ ಕಾಲ ಸುಮಾರು 20 ದಿನ ಮುಂಚಿತವಾಗಿ ಶುರುವಾಗುತ್ತಿರುವುದೂ ಗಾಳಿಯಲ್ಲಿ ಪರಾಗದ ಪ್ರಮಾಣ ಶೇ. 20ರಷ್ಟು ಹೆಚ್ಚಿರುವುದೂ ಕಂಡುಬಂತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಸುರಿದರೆ ಒಮ್ಮೆಲೇ ಸುರಿಯುವ ಮಳೆಗೆ ಇದೂ ಒಂದು ಕಾರಣ. ನಮ್ಮಲ್ಲಿ ಪರಾಗದ ದಿನವಹಿ ವರದಿ ಪತ್ರಿಕೆಯಲ್ಲಿ ಬರುವುದಿಲ್ಲವಾದ್ದರಿಂದ ಆ ಲೆಕ್ಕವನ್ನು ನಾವೇ, ನಮ್ಮ ಮೂಗು ಮತ್ತು ಎದೆಯನ್ನು ನೋಡಿಕೊಂಡು ಇಡಬೇಕಾಗಿದೆ.

ಬರೆಯುವುದು ಹೆಚ್ಚೇನಿಲ್ಲ. ನಮ್ಮ ಮನೆಯ ಪುಸ್ತಕದ ಒಂದು ಸಾಲು ಹೀಗಿದೆ: "ಮಳೆ 60 ಸೆಂಟು. ಅಮ್ಮನಿಗೆ ಬೆಳಿಗ್ಗೆ ಸೀನು, ರಾತ್ರಿ ಕೆಮ್ಮಿಗೆ ಒಮ್ಮೆ ಎಚ್ಚರ, ನೀಲಿ ಇನ್ಹೇಲರ್ ಎರಡು ಸಲ. ಕಣದಲ್ಲಿ ಚೆರ್ರಿ ಮಗುಚಿದ್ದು." ಚೆರ್ರಿ ಎಂದರೆ ಸಿಪ್ಪೆಸಹಿತ ಒಣಗಿಸುವ ಕಾಫಿ ಹಣ್ಣು. ಕೊನೆಯ ವಾಕ್ಯವೇ ಇದರಲ್ಲಿ ಮುಖ್ಯವಾದುದು, ಆ ದಿನ ಏನು ಮಾಡಿದೆವು, ಎಲ್ಲಿ ಇದ್ದೆವು ಎಂಬುದನ್ನು ಬರೆಯದಿದ್ದರೆ ಕಾರಣ ಹಿಡಿಯಲು ಆಗುವುದಿಲ್ಲ. ಅಮ್ಮನಿಗೆ ಕಾಫಿ ಹೂವಿನ ವಾಸನೆ ಆಗುವುದಿಲ್ಲವೆಂದೇ ನಾವೆಲ್ಲ ನಂಬಿದ್ದೆವು. ಎರಡು ವರ್ಷದ ಸಾಲುಗಳನ್ನು ಒಟ್ಟಿಗೆ ಓದಿದಾಗ ತೊಂದರೆ ಹೂವಿಗಿಂತ ಮುಂಚೆಯೇ, ಕಣದ ಕೆಲಸದ ದಿನಗಳಲ್ಲಿ ಶುರುವಾಗುತ್ತಿದ್ದುದು ತಿಳಿಯಿತು.

ಕಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೊಯ್ಲಿನ ಕಾಲದಲ್ಲಿ ಹಿಂದೆ ಒಣ ಬಿಸಿಲನ್ನು ನಂಬಬಹುದಾಗಿತ್ತು. 2021ರ ಜನವರಿಯ ಮೊದಲ ವಾರದಲ್ಲಿ ಸುರಿದಂತಹ ಅಕಾಲ ಮಳೆ ಬಂದರೆ, ಹರಡಿದ ಹಣ್ಣು ಒಣಗದೆ ಬೂಷ್ಟು ಹಿಡಿಯುತ್ತದೆ. ಮೂರನೆಯ ದಿನ ಬಿಸಿಲು ಬಿದ್ದಾಗ ಅದನ್ನು ಮಗುಚಿದರೆ ಬೂದು ಬಣ್ಣದ ಪುಡಿ ಹೊಗೆಯಂತೆ ಮುಖಕ್ಕೆ ಏಳುತ್ತದೆ. ಆ ಕೆಲಸವನ್ನು ಅಲರ್ಜಿ ಇರುವವರಿಗೆ ಕೊಡಬಾರದು. ಬೇರೆಯವರೂ ಗಾಳಿಗೆ ಬೆನ್ನು ಮಾಡಿ ನಿಂತು, ಎನ್-95 ಮಾಸ್ಕ್ ಹಾಕಿಕೊಂಡೇ ಮಗುಚಬೇಕು. ಮುಖಕ್ಕೆ ಸುತ್ತಿದ ಟವೆಲ್ ಇಷ್ಟು ಸಣ್ಣ ಕಣಗಳನ್ನು ತಡೆಯುವುದಿಲ್ಲ. ರಾಗಿ, ಭತ್ತ, ಮೆಕ್ಕೆಜೋಳದ ಒಕ್ಕಣೆಗೂ ಇದೇ ಮಾತು. ಚೆರ್ರಿ ಮೂಟೆಗಳನ್ನು ಮಲಗುವ ಕೋಣೆಯ ಪಕ್ಕ ಪೇರಿಸಬೇಡಿ.

ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದ ದಿನ ಕಿಟಕಿ ಮುಚ್ಚಿ, ಆ ದಿನವಾದರೂ ಬಚ್ಚಲ ಒಲೆಗೆ ಹಸಿ ಸೌದೆ ಹಾಕದಿರಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪರಾಗದ ಕಣಗಳು ತೇವಕ್ಕೆ ಒಡೆದು, ಶ್ವಾಸನಾಳದ ಆಳಕ್ಕೆ ಇಳಿಯುವಷ್ಟು ಸಣ್ಣ ಚೂರುಗಳಾಗುತ್ತವೆ. 2016ರ ನವೆಂಬರ್ 21ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಒಂದೇ ಗುಡುಗು ಮಳೆಯ ನಂತರ ಸಾವಿರಾರು ಜನ ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಧಾವಿಸಿದರು, ಹತ್ತು ಮಂದಿ ತೀರಿಕೊಂಡರು. ಆದ್ದರಿಂದ ಅಸ್ತಮಾ ಇರುವವರು ಭರಣಿ, ಕೃತ್ತಿಕಾ ಮಳೆಯ ಮೊದಲ ಬಿರುಗಾಳಿ ಏಳುವಾಗ ಮಣ್ಣಿನ ವಾಸನೆಗೆ ಜಗಲಿಯಲ್ಲಿ ನಿಲ್ಲದೆ ಒಳಗೆ ಬರುವುದು ಕ್ಷೇಮ.

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಕಡೆ ಮುಖ್ಯ ಶತ್ರು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ಅಕಾಲದಲ್ಲಿ ಒಂದು ಹದ ಮಳೆ ಬಿದ್ದರೂ ಅದು ಮತ್ತೆ ಚಿಗುರುತ್ತದೆ. ಹೂ ಬಿಡುವ ಮುಂಚೆ, ನೆಲ ಹಸಿಯಿರುವಾಗ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಬೇಕು.

ಜಡಿಮಳೆಯ ತಿಂಗಳುಗಳಲ್ಲಿ ಪರಾಗ ಕಡಿಮೆಯಾದರೂ ಮನೆಯೊಳಗೆ ಬೂಷ್ಟು ಮತ್ತು ಧೂಳಿನ ನುಸಿ ಹೆಚ್ಚುತ್ತವೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿಡಿ. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸದೆ ಸೋಪಿನ ನೀರಿನ ಬಟ್ಟೆಯಿಂದ ಒರೆಸಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬೇಡಿ. ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ನೆನೆಸಿ ಒಗೆದರೆ ನುಸಿ ಸಾಯುತ್ತದೆ.

ಇನ್ನು ಔಷಧಿ. ಮೂಗಿನ ಸ್ಟೀರಾಯ್ಡ್ ಸ್ಪ್ರೇ ಪೂರ್ಣ ಪರಿಣಾಮ ಬೀರಲು ಕೆಲವು ದಿನಗಳಿಂದ ಎರಡು ವಾರ ಬೇಕಾಗುವುದರಿಂದ, ತೊಂದರೆ ಯಾವಾಗ ಶುರುವಾಗುತ್ತದೆಂದು ಪುಸ್ತಕ ತೋರಿಸಿದೆಯೋ ಅದಕ್ಕೆ ಎರಡು ವಾರ ಮುಂಚೆಯೇ ಆರಂಭಿಸಬಹುದೇ ಎಂದು ವೈದ್ಯರನ್ನು ಕೇಳಿ. ಪುಸ್ತಕವನ್ನೂ ತೆಗೆದುಕೊಂಡು ಹೋಗಿ ತೋರಿಸಿ. ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹೊಡೆದುಕೊಂಡರೆ ಔಷಧಿ ನಡುಗೋಡೆಗೆ ತಾಗದೆ ಸರಿಯಾದ ಜಾಗಕ್ಕೆ ಹೋಗುತ್ತದೆ. ಮೂಗು ತೊಳೆಯುವ ಉಪ್ಪುನೀರಿಗೆ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು, ಬಾವಿಯ ನೀರನ್ನು ನೇರವಾಗಿ ಬಳಸಬಾರದು. ಅಸ್ತಮಾಕ್ಕೆ ದಿನವೂ ತೆಗೆದುಕೊಳ್ಳಲು ಬರೆದುಕೊಟ್ಟ ಸ್ಟೀರಾಯ್ಡ್ ಇನ್ಹೇಲರ್ ಅನ್ನು "ಈಗ ಆರಾಮಾಗಿದೆ" ಎಂದು ತಾವಾಗಿಯೇ ನಿಲ್ಲಿಸುವವರು ನಮ್ಮ ಊರಿನಲ್ಲಿ ಬಹಳ. ಶ್ವಾಸನಾಳದ ಒಳಗಿನ ಊತವನ್ನು ಇಳಿಸುವುದು ಅದೇ. ಸಾಲ್ಬುಟಮಾಲ್ ಇರುವ ನೀಲಿ ಇನ್ಹೇಲರ್ ಬಿಗಿದ ನಾಳವನ್ನು ಆ ಹೊತ್ತಿಗೆ ಸಡಿಲಿಸುತ್ತದೆ ಅಷ್ಟೆ. ಸ್ಟೀರಾಯ್ಡ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ.

ಮೃಗಶಿರಾ ಮಳೆ ಹಿಡಿಯುವ ಮುಂಚೆ ಮಾಡಿಟ್ಟುಕೊಳ್ಳಬೇಕಾದ ಒಂದು ಕೆಲಸವಿದೆ. ಮರ ಬಿದ್ದು ರಸ್ತೆ ಮುಚ್ಚಿ, ಎರಡು ಮೂರು ದಿನ ಕರೆಂಟ್ ಇಲ್ಲದಿದ್ದರೆ, ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬುಲೈಸರ್ ಯಂತ್ರ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಇನ್ಹೇಲರ್‌ಗೆ ಜೋಡಿಸಿ ಉಸಿರೆಳೆಯುವ ಕೊಳವೆಯಾದ ಸ್ಪೇಸರ್ ಒಂದನ್ನೂ ಹೆಚ್ಚುವರಿ ಇನ್ಹೇಲರ್ ಒಂದನ್ನೂ ಮನೆಯಲ್ಲಿಡಿ. ಒಂದು ವಾಕ್ಯ ಪೂರ್ತಿ ಮಾತನಾಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ, ಅಥವಾ ನೀಲಿ ಇನ್ಹೇಲರ್‌ಗೂ ಉಸಿರು ಸಡಿಲವಾಗದಿದ್ದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ, ರೋಗಿಯನ್ನು ಮಲಗಿಸದೆ ಕೂರಿಸಿಕೊಂಡಿರಿ. ಮೊಬೈಲ್ ಸಿಗ್ನಲ್ ತೋಟದ ಯಾವ ಏರಿನಲ್ಲಿ ಸಿಗುತ್ತದೆ, ಮುಖ್ಯ ರಸ್ತೆಯವರೆಗೆ ಯಾರ ಜೀಪು ಬರುತ್ತದೆ ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಡಿ.