ಸ್ಟೋರೇಜ್ ಸರ್ವರ್‌ಗೆ ಹಾರ್ಡ್ ಡಿಸ್ಕ್ ಕೊಳ್ಳುವ ಮುನ್ನ
ಎಷ್ಟು ಟಿಬಿ ಎಂದು ನೋಡುವ ಮೊದಲು, ಡಿಸ್ಕ್ ಸಿಎಂಆರ್ ಬಗೆಯದೋ ಎಸ್‌ಎಂಆರ್ ಬಗೆಯದೋ ಎಂದು ದಯವಿಟ್ಟು ನೋಡಿ. ಇವು ಡಿಸ್ಕ್ ಮೇಲೆ ದತ್ತಾಂಶ ಬರೆಯುವ ಎರಡು ವಿಧಾನಗಳು. ಸಿಎಂಆರ್‌ನಲ್ಲಿ ಟ್ರ್ಯಾಕ್‌ಗಳು, ಅಂದರೆ ದತ್ತಾಂಶ ಬರೆಯುವ ವೃತ್ತಾಕಾರದ ಸಾಲುಗಳು, ಬೇರೆಬೇರೆಯಾಗಿರುತ್ತವೆ. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ಒಂದನ್ನು ತಿದ್ದಲು ಪಕ್ಕದವುಗಳನ್ನೂ ಮತ್ತೆ ಬರೆಯಬೇಕು. ಹಗುರ ಬಳಕೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ರೇಡ್‌ನಲ್ಲಿ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸಿ, ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಮಾಡುವ ಏರ್ಪಾಡು) ಒಂದು ಡಿಸ್ಕ್ ಕೆಟ್ಟು ಹೊಸದನ್ನು ಹಾಕಿದಾಗ, ಗಂಟೆಗಳಲ್ಲಿ ಮುಗಿಯಬೇಕಾದ ದತ್ತಾಂಶದ ಮರುನಿರ್ಮಾಣ ಎಸ್‌ಎಂಆರ್ ಡಿಸ್ಕ್‌ನಲ್ಲಿ ದಿನಗಟ್ಟಲೆ ಎಳೆಯಬಹುದು. ನನಗೇ ಒಮ್ಮೆ ಹೀಗಾದಾಗ, ಆ ದಿನಗಳಲ್ಲಿ ನಿದ್ದೆ ಹತ್ತಿರಲಿಲ್ಲ. ಇನ್ನೊಂದು ಡಿಸ್ಕ್ ಕೈಕೊಟ್ಟಿದ್ದರೆ ಎಲ್ಲವೂ ಹೋಗುತ್ತಿತ್ತು.

ಮಾದರಿ ಸಂಖ್ಯೆಯನ್ನು ತಯಾರಕರ ಡೇಟಾಶೀಟ್‌ನಲ್ಲಿ ಹುಡುಕಿ. ಡಬ್ಲ್ಯುಡಿ ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್ ಎರಡೂ ಸಿಎಂಆರ್. ಸಾಧ್ಯವಾದರೆ ಎಲ್ಲವನ್ನೂ ಒಂದೇ ಬ್ಯಾಚಿನಿಂದ ಕೊಳ್ಳಬೇಡಿ. ಮತ್ತೆ, ರೇಡ್ ಬ್ಯಾಕಪ್ ಅಲ್ಲ: ತಪ್ಪಿ ಅಳಿಸಿದ ಕಡತ ಎಲ್ಲ ಡಿಸ್ಕ್‌ಗಳಿಂದಲೂ ಅಳಿಯುತ್ತದೆ. ಸರ್ವರ್‌ನ ಹೊರಗೆ ಇನ್ನೊಂದು ಪ್ರತಿ ಇಡಿ.